ಪೋರ್ಟ್ ಹಿಡಿದು ಕೂತವರು ಯಾರು

ನಾನು ಕಾಲೇಜಿಗೆ ಸೇರಿದ್ದು ಟೈಪಿಸ್ಟ್ ಆಗಿ. ಕಂಪ್ಯೂಟರ್ ಲ್ಯಾಬಿಗೆ ಹಾಕಿದ ಮೇಲೂ ದಾವಣಗೆರೆಯ ಆ ಕಾಲೇಜಿನಲ್ಲಿ ನನ್ನನ್ನು ಟೈಪಿಸ್ಟ್ ಅಂತಲೇ ಕರೆಯುತ್ತಿದ್ದರು. ಹರಿಹರದಿಂದ ಬೆಳಗಿನ ಬಸ್ಸಿಗೆ ಬಂದು ಸರ್ವರ್ ಚಾಲೂ ಮಾಡೋದು, ಸಂಜೆ ಬಂದ್ ಮಾಡೋದು, ನಡುವೆ ಮೇಷ್ಟ್ರು ಬರೆದುಕೊಟ್ಟ ಲ್ಯಾಬ್ ಪುಸ್ತಕ ಟೈಪ್ ಮಾಡೋದು. ಹಾಗಾಗಿ ಸರ್ವರಿನ ಮುಖ್ಯ ಪಾಸ್‌ವರ್ಡ್ ನನ್ನ ಹತ್ತಿರವೂ ಇತ್ತು.

ತೊಂಬತ್ತೊಂಬತ್ತರ ದಸರಾ ರಜೆ ಮುಗಿದ ಮೊದಲ ದಿನ. ಕೊನೇ ವರ್ಷದ ನಾಲ್ವರು ಹುಡುಗಿಯರು ತಾವು ಬರೆದ ಪ್ರೋಗ್ರಾಂ ಚಾಲೂ ಮಾಡಿದರು. ಏಳಲಿಲ್ಲ. ಪೋರ್ಟ್ ಈಗಾಗಲೇ ಬಳಕೆಯಲ್ಲಿದೆ ಅಂತ ಪರದೆ ಮೇಲೆ ಬಂತು. ಅಂದರೆ, ಅದು ಕೂರಬೇಕಾದ ಜಾಗದಲ್ಲಿ ಬೇರೆ ಯಾವುದೋ ಪ್ರೋಗ್ರಾಂ ಮೊದಲೇ ಕೂತಿತ್ತು. ಸರ್ವರ್ ಆರಿಸಿ ಹಚ್ಚಿದರೂ ಅದೇ ಮಾತು.

ಲ್ಯಾಬ್ ಉಸ್ತುವಾರಿ ಮೇಷ್ಟ್ರು ಬಂದವರೇ ಹುಡುಗಿಯರನ್ನು ಬೈದರು. "ಏನೇನೋ ಹಾಕಿ ಕೆಡಿಸೀರಿ. ಡಿಸ್ಕ್ ಫಾರ್ಮ್ಯಾಟ್ ಮಾಡ್ತೀನಿ, ಸರೀರಿ."

ಹುಡುಗಿಯರ ನಾಲ್ಕು ತಿಂಗಳ ಕೆಲಸ ಆ ಡಿಸ್ಕಿನೊಳಗಿತ್ತು. ನಾನು ಹೋಗಿ ಸರ್ವರಿನ ಮುಂದಿನ ಕುರ್ಚಿಯಲ್ಲಿ ಕೂತೆ.

"ಏಳಮ್ಮ."

"ಏಳಲ್ಲ ಸರ್. ಪೋರ್ಟ್ ಹಿಡಕಂಡಿರೋದು ಯಾವುದು ಅಂತ ಮೊದಲು ನೋಡ್ತೀನಿ."

"ಟೈಪಿಸ್ಟಿಗೆ ಇದೆಲ್ಲ ಯಾಕ?"

"ಅದರ ಕಮಾಂಡ್ ಲ್ಯಾಬ್ ಪುಸ್ತಕದಾಗೆ ಐತೆ ಸರ್. ನೀವೇ ಬರೆದಿದ್ದು. ಮೂರು ಸಲ ತಿದ್ದಿದ್ರಿ, ಮೂರು ಸಲನೂ ಟೈಪ್ ಮಾಡಿದ್ದು ನಾನು."

ಅವಸರದಲ್ಲಿ ಒಂದಕ್ಷರ ತಪ್ಪಿತು. ಅಳಿಸಿ ಮತ್ತೆ ಹೊಡೆದೆ. ಪೋರ್ಟ್ ನಂಬರ್ ಕೊಟ್ಟಾಗ ಅದನ್ನು ಹಿಡಿದಿದ್ದ ಪ್ರೋಗ್ರಾಮಿನ ನಂಬರ್ ಬಂತು. ಆ ನಂಬರ್ ಹಿಡಿದು ಕೇಳಿದರೆ ಅದರ ಹೆಸರು, ಪಕ್ಕದಲ್ಲೇ ಚಾಲೂ ಮಾಡಿದವರ ಲಾಗಿನ್. ಮೇಷ್ಟ್ರದ್ದೇ! ರಜೆಯಲ್ಲಿ ಏನೋ ಪರೀಕ್ಷೆ ಮಾಡಲು ಹಾಕಿದ್ದರು, ಸರ್ವರ್ ಎದ್ದಾಗಲೆಲ್ಲ ತಾನೂ ಏಳುವಂತೆ.

ಅವರು ಬಗ್ಗಿ ಮೆಲ್ಲಗೆ ಅಂದರು, "ಆತು, ನಿಲ್ಲಿಸಿಬಿಡು. ಯಾರಿಗೂ ಹೇಳೋದು ಬ್ಯಾಡ."

ನಿಲ್ಲಿಸಿದೆ, ಮತ್ತೆ ತಾನಾಗಿ ಏಳದಂತೆಯೂ ಮಾಡಿದೆ. ಹುಡುಗಿಯರ ಪ್ರೋಗ್ರಾಂ ಎದ್ದಿತು. ಆಮೇಲೆ ಲ್ಯಾಬ್ ರಿಜಿಸ್ಟರ್ ತೆಗೆದು ಯಾವ ಪೋರ್ಟ್, ಯಾವ ಪ್ರೋಗ್ರಾಂ, ಯಾರ ಲಾಗಿನ್ ಎಲ್ಲ ಬರೆದು, ಹುಡುಗಿಯರು ಕೆಡಿಸಿದ್ದಲ್ಲ ಅನ್ನೋದನ್ನೂ ಸೇರಿಸಿ ಸಹಿ ಹಾಕಿದೆ.

ಮರುದಿನ ಆ ಹಾಳೆ ಇರಲಿಲ್ಲ. ಮತ್ತೆ ಬರೆದೆ. ಪ್ರಿನ್ಸಿಪಾಲರು ಕರೆಸಿ, "ದೊಡ್ಡೋರ ಮರ್ಯಾದಿ ನೋಡಬೇಕಮ್ಮ" ಅಂದರು.

"ಆ ಹುಡುಗೇರಿಗೂ ಮರ್ಯಾದಿ ಐತೆ ಸರ್" ಅಂದೆ.

ವಾರದೊಳಗೆ ನನ್ನನ್ನು ವಾಪಸ್ ಆಫೀಸಿಗೆ ಹಾಕಿದರು. ಹೋದೆ. ಆ ನಾಲ್ವರು ಮಾತ್ರ ಊಟದ ಹೊತ್ತಿಗೆ ತಮ್ಮ ಅನುಮಾನಗಳನ್ನು ಹೊತ್ತು ಅಲ್ಲಿಗೇ ಬರುತ್ತಿದ್ದರು. ಹೆಡ್ ಕ್ಲರ್ಕ್ ಮುಖ ಸಿಂಡರಿಸುತ್ತಿದ್ದ. ನಾನು ಅವನಿಗೂ ಕೇಳುವಂತೆ, "ಬರ್ರೇ, ಕೂಡ್ರಿ" ಅನ್ನುತ್ತಿದ್ದೆ.