ಹತ್ತಕ್ಕೆ ಹತ್ತು ಪಡೆದ ಮುರುಗಲು ಬಿಯರ್

ಕಳೆದೊಂದು ವರ್ಷ ನಾನು ಬಿಯರ್ ಪಂಡಿತನಾಗಿ ಮೆರೆದೆ. ಮುಂಬೈಯ ಹೋಟೆಲೊಂದರಲ್ಲಿ ಕೆಲಸಕ್ಕಿರುವ ಭಾವ ತಲ್ಲೂರಿನ ಮನೆಗೆ ಬಂದಾಗಲೆಲ್ಲ ಅಲ್ಲಿ ಪರಿಚಯದವರು ಸಣ್ಣ ಪ್ರಮಾಣದಲ್ಲಿ ತಯಾರಿಸುವ ಬಗೆಬಗೆಯ ಕ್ರಾಫ್ಟ್ ಬಿಯರ್ ತರುತ್ತಿದ್ದರು. ನಾನು ಶಿರೂರಿನಿಂದ ಬಸ್ಸು ಹತ್ತಿ ಹೋಗಿ, ಕಾಫಿಯದ್ದು, ಮಾವಿನದ್ದು, ಗೋಧಿಯದ್ದು ಎಂದು ಒಂದೊಂದನ್ನೂ ಗುಟುಕರಿಸಿ ನೋಟ್‌ಪುಸ್ತಕದಲ್ಲಿ ಅಂಕ ಕೊಡುತ್ತಿದ್ದೆ.

ಮೇ ತಿಂಗಳ ಒಂದು ಮಧ್ಯಾಹ್ನ ಮುರುಗಲು ಹಣ್ಣಿನ ಬಿಯರ್ ತೆರೆದೆವು. ಭಾವನಿಗೆ ಒಂದು ಗುಟುಕೇ ಸಾಕಾಯಿತು. ನಾನು ಕಣ್ಣು ಮುಚ್ಚಿ ಚಪ್ಪರಿಸಿ, "ಗಂಭೀರವಾದ ಹುಳಿ, ಕಡಲಗಾಳಿಯ ಛಾಯೆ" ಎಂದು ಬರೆದು ಹತ್ತಕ್ಕೆ ಹತ್ತು ಕೊಟ್ಟೆ. ಮೀನು ಮಾರಿ ಆಗಷ್ಟೇ ಬಂದಿದ್ದ ಅಕ್ಕ ನನ್ನ ಗ್ಲಾಸನ್ನು ಮೂಸಿದಳು.

"ಎಂತ ಮಾರಾಯಾ ಇದ್? ಹಳ್ಸಿದ್ ಗಂಜಿ ತೆಳಿ ವಾಸ್ನಿ ಬತ್ತಿತ್ತಲೆ!"

"ನಿಂಗ್ ಇದೆಲ್ಲ ಗೊತ್ತಾಪುದಿಲ್ಲೆ ಅಕ್ಕ," ಎಂದು ಉಳಿದದ್ದನ್ನೆಲ್ಲ ನಾನೇ ಮುಗಿಸಿದೆ.

ಮರುದಿನ ಬೆಳಿಗ್ಗೆ ಭಾವ, ನನ್ನ ಹೊಗಳಿಕೆಯನ್ನು ತಲುಪಿಸಲೆಂದೇ ಬಿಯರ್ ತಯಾರಿಸಿದವರಿಗೆ ಫೋನ್ ಮಾಡಿದರು. ಮಾತು ಮುಗಿಸಿ ನಾನು ಮಲಗಿದ್ದಲ್ಲಿಗೆ ಓಡಿಬಂದರು.

"ಹ್ವಾಯ್, ಅದ್ ಕುಡೂಕೆ ಆಗಂಬ್ರ್ ಮಾರಾಯಾ! ಆ ಸಲ ಮಾಡಿದ್ದೆಲ್ಲ ಹಾಳಾಯ್ತಂಬ್ರ್!"

ರಾತ್ರಿಯಿಡೀ ಬಚ್ಚಲಿಗೆ ಓಡಾಡಿ ಸುಸ್ತಾಗಿದ್ದರೂ ನಾನು ಸೋಲೊಪ್ಪಲಿಲ್ಲ. ಬಿಯರ್ ತಯಾರಿಸಿದವರಿಗೇ ಇಂಥ ಸೂಕ್ಷ್ಮ ರುಚಿ ತಿಳಿಯಲಿಲ್ಲವಲ್ಲ ಎಂದು ಹೊಟ್ಟೆ ಹಿಡಿದುಕೊಂಡೇ ವಾದಿಸಿದೆ.