ಎದೆಯವರೆಗೆ ಎಳೆದ ಬಿಲ್ಲು

ನಮ್ಮಪ್ಪ ಬಿಲ್ಲನ್ನು ಕಿವಿಯವರೆಗೆ ಎಂದೂ ಎಳೆದವನಲ್ಲ. ಎದೆಯವರೆಗೆ ಎಳೆದ, ಬಿಟ್ಟ, ಅಷ್ಟೇ. ಕ್ಯಾಲೆಂಡರಿನ ರಾಮನನ್ನು ನೋಡಿ ಬೆಳೆದವರಿಗೆ ಅದು ಬಿಲ್ಲುಗಾರಿಕೆಯೇ ಅಲ್ಲ. ಆದರೆ ಆಳೆತ್ತರದ ಮೆಕ್ಕೆಜೋಳದ ಸಾಲಿನೊಳಗೆ ಕುಕ್ಕರಗಾಲಲ್ಲಿ ಕೂತವನಿಗೆ ಮೊಣಕೈ ಚಾಚಲು ಜಾಗವೆಲ್ಲಿ? ಬಾಣವೂ ಗಿಡ್ಡದೇ. ಹರಿಹರದ ಹೊಳೆದಂಡೆಯಿಂದ ಜೊಂಡಿನಂಥ ಟೊಳ್ಳು ಲಾಳದ ಕಡ್ಡಿ ಕೊಯ್ದು ತಂದು, ನೆರಳಲ್ಲಿ ಒಣಗಿಸಿ, ಕೆಂಡಕ್ಕೆ ಹಿಡಿದು ನೆಟ್ಟಗೆ ಮಾಡಿ, ತುದಿಗೆ ಕಬ್ಬಿಣದ ಮೊನೆ ಕಟ್ಟುತ್ತಿದ್ದ. ಹಗುರ ಬಾಣ, ದೂರಕ್ಕೆ ಬಿಟ್ಟರೆ ಕಸುವಿಲ್ಲ. “ಹಂದಿ ನಾತ ಮೂಗಿಗೆ ಬಡಿಯೋಗಂಟ ಕೈ ಬಿಡಬ್ಯಾಡ” ಎನ್ನುತ್ತಿದ್ದ.

ಚಿಕ್ಕಪ್ಪನಿಗೆ ಇದೆಲ್ಲ ನಗೆಪಾಟಲು. “ಅಣ್ಣ ಬಿಲ್ಲು ಎಳೀತಾನೋ, ಎದಿ ತುರಿಸ್ಕಂತಾನೋ?” ಎಂದು ಕಂಡವರ ಮುಂದೆಲ್ಲ ಆಡಿಕೊಳ್ಳುತ್ತಿದ್ದ. ಅವನದು ಉದ್ದನೆಯ ಬಿಲ್ಲು, ಕಿವಿಯವರೆಗಿನ ಎಳೆತ. ಅದಕ್ಕೆ ತಕ್ಕ ಉದ್ದ ಬಾಣಗಳನ್ನು ಮಾತ್ರ ಅಪ್ಪನೇ ಮಾಡಿಕೊಡಬೇಕು. ಎತ್ತು ಏರಿಗೆ, ಕೋಣ ನೀರಿಗೆ.

ತೊಂಬತ್ತರ ದಶಕದ ಕೊನೆಯ ವರ್ಷಗಳು ಅವು. ಮನೆ ದಾವಣಗೆರೆಯ ಸರಸ್ವತಿ ನಗರದಲ್ಲಿ, ಹೊಲ ಬಾತಿ ಗುಡ್ಡದ ಕೆಳಗೆ. ತೆನೆಯಲ್ಲಿ ಹಾಲು ತುಂಬಿತೆಂದರೆ ಕಾಡುಹಂದಿಗಳು ಇಳಿದು ಬಂದು ಬೆಳೆ ನೆಲಸಮ ಮಾಡುತ್ತಿದ್ದವು. ಆ ಸಂಜೆ ಅಮ್ಮ ಬದುವಿನಲ್ಲಿ ಹುಲ್ಲು ಕೊಯ್ಯುತ್ತಿದ್ದಳು, ನಾನು ಗಾಡಿಯ ಮೇಲೆ ಹೊರೆ ಒಟ್ಟುತ್ತಿದ್ದೆ. ಅಪ್ಪ ಜೋಳದ ಸಾಲಿನಲ್ಲಿ ಕೂತಿದ್ದ.

ಒಂಟಿ ಗಂಡುಹಂದಿಯೊಂದು ಜೋಳದಿಂದ ಹೊರಗೆ ಬಂತು. ಹೊಲದ ಆ ತುದಿಯಲ್ಲಿದ್ದ ಚಿಕ್ಕಪ್ಪ, ಅಮ್ಮ ಎಲ್ಲಿದ್ದಾಳೆಂದೂ ನೋಡದೆ, ಕಿವಿಯವರೆಗೆ ಎಳೆದು ಬಿಟ್ಟೇಬಿಟ್ಟ. ಬಾಣ ಹಂದಿಯ ತೊಡೆಗೆ ನಾಟಿತು. ಗಾಯಗೊಂಡ ಹಂದಿ ಅಂದರೆ ಸಾಕ್ಷಾತ್ ಯಮ. ಅಡ್ಡ ಹೋದ ನಮ್ಮ ನಾಯಿಯ ಹೊಟ್ಟೆಯನ್ನು ಒಂದೇ ತಿವಿತಕ್ಕೆ ಸೀಳಿತು. ಕರುಳು ಬದುವಿನ ಮೇಲೆ ಚೆಲ್ಲಿತು. ಅಲ್ಲಿಂದ ನೇರ ಅಮ್ಮನ ಕಡೆ ನುಗ್ಗಿತು.

ಅಪ್ಪ ಸಾಲಿನಿಂದ ಎಗರಿ ಅಮ್ಮನ ಮುಂದೆ ನಿಂತ, ಬಾಣ ಹೂಡಿದ. “ಬಿಡಪ್ಪಾ, ಬಿಡು!” ಎಂದು ಕಿರುಚಿದೆ. ಬಿಡಲಿಲ್ಲ. ಹಂದಿ ಮೇಲೆ ಬಂದೇಬಿಟ್ಟಿತು ಅನ್ನುವಾಗ ಪಕ್ಕಕ್ಕೆ ಸರಿದ. ದೇವರಾಣೆ, ಹೆಂಡತಿಯ ಮುಂದಿನಿಂದ ಪಕ್ಕಕ್ಕೆ ಸರಿದ! ಹಂದಿ ತನ್ನನ್ನು ದಾಟುವಾಗ ಎದೆಯವರೆಗೆ ಎಳೆದು ಬಿಟ್ಟ. ಬಾಣ ಮುಂಗಾಲಿನ ಹಿಂದೆ, ಪಕ್ಕೆಲುಬಿನೊಳಗೆ ಪೂರ್ತಿ ಹೊಕ್ಕಿತು. ಆದರೂ ಅದೇ ಓಟದಲ್ಲಿ ಹಂದಿ ಅಮ್ಮನನ್ನು ಕೆಡವಿತು. ಕೋರೆ ಅವಳ ಮೀನಖಂಡವನ್ನು ಬಗೆದು ಹಾಕಿತು. ಬಾಯಿಂದ ರಕ್ತ ಕಾರುತ್ತ ಅದು ಅವಳ ಮೇಲೆಯೇ ಸತ್ತಿತು.

ಓಡಿ ಬಂದ ಚಿಕ್ಕಪ್ಪ ಮೊದಲು ಆಡಿದ ಮಾತು, “ಅಣ್ಣ ಕೊಟ್ಟಿದ್ದ ಬಾಣನೇ ಸರಿ ಇರಲಿಲ್ಲ.” ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ಕೈಗೆ ಸಿಕ್ಕ ಹೆಂಟೆಯನ್ನು ಅವನ ಮೋರೆಗೆ ಬೀಸಿ ಒಗೆದೆ. ಹಲ್ಲು ಮುರಿಯಿತು. ಅದಕ್ಕೆ ಇವತ್ತಿಗೂ ನನಗೇನೂ ಬೇಜಾರಿಲ್ಲ.

ಹೊಲಿಗೆ ಹಾಕಿಸಿಕೊಂಡು ಅಮ್ಮ ಮನೆಗೆ ಬಂದಮೇಲೆ ನೋಡಲು ಬಂದವರದೆಲ್ಲ ಒಂದೇ ಹಾಡು. “ಎಂಥಾ ಗುರಿರೀ ನಿಮ್ಮ ಯಜಮಾನ್ರದು! ನಿಮ್ಮ ತಾಳಿ ಗಟ್ಟಿ ಐತೆ ಬಿಡ್ರಿ.”

“ಹೌದ್ರಿ, ಗುರಿ ಚಲೋ ಐತೆ” ಎನ್ನುತ್ತಿದ್ದಳು ಅಮ್ಮ. “ಆದ್ರ ಸರದ್ರು.”

ಕೇಳಿ ಕೇಳಿ ಅಪ್ಪನಿಗೆ ತಡೆಯಲಾಗಲಿಲ್ಲ. “ಎದುರಿಗೆ ಹೊಡದಿದ್ರ ತಲಿಬುರುಡಿಗೆ ಬಡಿದು ಬಾಣ ಜಾರ್ತಿತ್ತು. ಕಡ್ಡಿ ಬಾಣ ಅದು, ಪಕ್ಕಿಗೇ ಬೀಳಬೇಕು. ನಿನ್ನ ಉಳಿಸಾಕಂತನ ಸರದೆ ಮಾರಾಯ್ತಿ!”

“ತಿಳೀತೈತ್ರಿ, ನನಗೂ ಬುದ್ಧಿ ಐತೆ” ಎಂದಳು ಅಮ್ಮ. “ಹಂದಿ ಬರಾಕತ್ತಿತ್ತು, ನನ್ನ ಮುಂದ ನಿಮ್ಮ ಬೆನ್ನಿತ್ತು. ಆಮ್ಯಾಲೆ ಬೆನ್ನಿರಲಿಲ್ಲ. ಈ ಕಣ್ಣಿಗೆ ಯಾರು ತಿಳಿಸಿ ಹೇಳ್ತಾರ?”

ನನಗೆ ಇಬ್ಬರ ಮೇಲೂ ಸಿಟ್ಟು ಬಂತು. ಸರಿಯದಿದ್ದರೆ ಅವಳು ಉಳಿಯುತ್ತಿರಲಿಲ್ಲ, ಅದು ಮೂವರಿಗೂ ಗೊತ್ತಿತ್ತು. ಅಳುವೂ ಬಂತು.

ಕಾಲು ವಾಸಿಯಾಗಿ ಅಮ್ಮ ಮತ್ತೆ ಹೊಲಕ್ಕೆ ಹೊರಟ ದಿನ ಅಪ್ಪ ಬಿಲ್ಲು ಹಿಡಿದು ಅವಳ ಮುಂದೆ ನಡೆದ. ಬದು ಹತ್ತುವಲ್ಲಿ ಅಮ್ಮ ನಿಂತಳು. ಕುಂಟುತ್ತ ಅವನನ್ನು ದಾಟಿ, ಕುಡುಗೋಲನ್ನು ಮುಂದಕ್ಕೆ ಹಿಡಿದು ಹೇಳಿದಳು, “ನೀವು ಹಿಂದ ಬರ್ರಿ. ನನ್ನ ಮುಂದ ಇನ್ನ ಯಾರೂ ನಿಲ್ಲೋದು ಬ್ಯಾಡ.”