ಬೆಂಕಿಯನ್ನು ಕನ್ನಡಕ್ಕೆ ತಂದವನು

ಬಾಲರಾಜ ಶಹಾಪುರದ ದನದ ದವಾಖಾನೆಯಲ್ಲಿ ಕಂಪೌಂಡರ್. ವಯಸ್ಸು ನಲವತ್ತೆರಡು. ಕಣ್ಣಿ ಹರಿಯುವಂತೆ ಒದ್ದಾಡುವ ಎಮ್ಮೆಯಾದರೂ ಸರಿ, ಕೊರಳ ಮೇಲೆ ಕೈಯಿಟ್ಟು ಸುಮ್ಮನಾಗಿಸಿ ಸೂಜಿ ಹಾಕುತ್ತಾನೆ. ಅದಕ್ಕೇ ಸುತ್ತಲಿನ ಹಳ್ಳಿಯವರು ದನ ಹೊಡೆದುಕೊಂಡು ಬಂದರೆ ಡಾಕ್ಟರಿಗಿಂತ ಮೊದಲು ಅವನನ್ನು ಹುಡುಕುತ್ತಾರೆ. ಆದರೆ ಹದಿಮೂರು ವರ್ಷ ಅವನಿಗೆ ಊರಿನಲ್ಲಿ ಬೇರೆಯೇ ಒಂದು ಹೆಸರಿತ್ತು. ಅವನನ್ನು ಅಯ್ಯಗಾರ ಬಾಯಿ ಎನ್ನುತ್ತಿದ್ದರು.

ಅಯ್ಯಗಾರು ಎಂದರೆ ಬಿಳಿ ಸಭೆಯ ಪಾಸ್ಟರು. ಹೆಂಗಸರು ಗಂಡಸರು ಎಲ್ಲರೂ ಬಿಳಿ ಬಟ್ಟೆ ಉಟ್ಟು ಬರುತ್ತಿದ್ದುದರಿಂದ ಜನ ಆ ಸಭೆಗೆ ಹಾಗೆ ಹೆಸರಿಟ್ಟಿದ್ದರು. ಹತ್ತಿ ಗಿರಣಿಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಭಾನುವಾರ ಆರಾಧನೆ. ಅಯ್ಯಗಾರು ತೆಲುಗು ಸೀಮೆಯಿಂದ ಕಾರಿನಲ್ಲಿ ಬರುತ್ತಿದ್ದರು. ಅವರಿಗೆ ಕನ್ನಡ ಬಾರದು; ಎದುರು ಕೂತ ನೂರೈವತ್ತು ಜನರಲ್ಲಿ ಹೆಚ್ಚಿನವರಿಗೆ ತೆಲುಗು ಬಾರದು. ಬಾಲರಾಜನ ತಾಯಿ ಭೀಮಮ್ಮ ನಾರಾಯಣಪೇಟೆ ಕಡೆಯಿಂದ ರಾಮಸಮುದ್ರಕ್ಕೆ ಸೊಸೆಯಾಗಿ ಬಂದವಳು. ಅವಳ ಮಡಿಲಲ್ಲಿ ಎರಡೂ ಮಾತು ಕಲಿತ ಅವನು ಅಯ್ಯಗಾರ ಪಕ್ಕದಲ್ಲಿ ಎರಡನೇ ಮೈಕು ಹಿಡಿದು ನಿಲ್ಲುತ್ತಿದ್ದ. ಅವರು ಒಂದು ಮಾತು ಹೇಳಿ ನಿಲ್ಲಿಸಿದರೆ ಅದನ್ನು ಕನ್ನಡಕ್ಕೆ ತರುತ್ತಿದ್ದ. ಬೈಬಲ್ ಗ್ರಂಥದ ಬಿಗಿ ಮಾತನ್ನು ಕೂಲಿಗೆ ಹೋಗುವ ಹೆಂಗಸಿಗೂ ತಿಳಿಯುವಂತೆ ಬಿಡಿಸಿ ಹೇಳುತ್ತಾನೆ ಎಂದು ಎಲ್ಲರೂ ಹೊಗಳುತ್ತಿದ್ದರು.

ಅವನು ಆ ಸಭೆಗೆ ಸೇರಿದ್ದು ಇಪ್ಪತ್ತೆಂಟನೆಯ ವಯಸ್ಸಿನಲ್ಲಿ. ಆಗ ವಿಪರೀತ ಕುಡಿಯುತ್ತಿದ್ದ. ಹೆಂಡತಿ ರೇವತಿಗೆ ಎರಡು ಸಲ ಬಸಿರು ಇಳಿದುಹೋಗಿತ್ತು. ಸಭೆಯ ನಾಲ್ಕು ಜನ ಮನೆಗೆ ಬಂದು ಮೂರು ವಾರ ಬಿಡದೆ ಪ್ರಾರ್ಥನೆ ಮಾಡಿದರು. ಅವನು ಕುಡಿತ ಬಿಟ್ಟ. ಮರುವರ್ಷ ಮಗಳು ದೇವಿಕಾ ಹುಟ್ಟಿದಳು. ಅದನ್ನು ಅವನು ಈಗಲೂ ಸುಳ್ಳು ಎನ್ನುವುದಿಲ್ಲ.

ಸಭೆಯ ಕಟ್ಟುಗಳು ಬಿಗಿಯಾಗಿದ್ದವು. ಬಳೆ, ಹೂವು, ಕುಂಕುಮ ಕೂಡದು. ಮನೆಯಲ್ಲಿ ಟಿವಿ ಕೂಡದು. ಸಭೆಗೆ ಸೇರದ ಬಂಧುಗಳ ಮದುವೆಗೆ ಹೋಗಿ ಉಣ್ಣಬಾರದು, ಅವರ ಸಾವಿನಲ್ಲಿ ಕೈ ಸೇರಿಸಬಾರದು. ಆರು ವರ್ಷದ ಹಿಂದೆ ಭೀಮಮ್ಮ ತೀರಿಕೊಂಡಾಗ ಬಾಲರಾಜ ರಾಮಸಮುದ್ರಕ್ಕೆ ಹೋದ. ಆದರೆ ಮಣ್ಣು ಹಾಕಲಿಲ್ಲ. ರಸ್ತೆಯ ಆಚೆ ಬೇವಿನ ಮರದ ಕೆಳಗೆ ಕೈಕಟ್ಟಿ ನಿಂತಿದ್ದ. ಅಣ್ಣತಮ್ಮಂದಿರು ಹೆಣ ಎತ್ತಿಕೊಂಡು ಅವನ ಮುಂದೆಯೇ ಹಾದುಹೋದರು, ಯಾರೂ ಅವನತ್ತ ನೋಡಲಿಲ್ಲ. ಮರುದಿನದ ಭಾನುವಾರ ಅಯ್ಯಗಾರು ದೇವರಿಗಾಗಿ ತಂದೆತಾಯಿಯನ್ನೂ ಬಿಡಬೇಕೆಂದು ಬೋಧಿಸಿದರು. ಅವನು ಅದನ್ನು ಎಷ್ಟು ಚೆನ್ನಾಗಿ ಕನ್ನಡಕ್ಕೆ ತಂದನೆಂದರೆ ಕೂತವರು ಅತ್ತರು. ಅಯ್ಯಗಾರು ಬೆನ್ನು ತಟ್ಟಿದರು. ಅವನಿಗೆ ಆ ದಿನ ಹೆಮ್ಮೆಯೇ ಅನಿಸಿತ್ತು.

ಸುರಪುರದ ಹತ್ತಿರದ ದೇವಾಪುರದಿಂದ ಹಣಮಂತಮ್ಮ ಎಂಬ ಮುದುಕಿ ಸಭೆಗೆ ಬರುತ್ತಿದ್ದಳು. ಭತ್ತದ ಗದ್ದೆಗಳಲ್ಲಿ ಕಳೆ ಕಿತ್ತು ಬದುಕು ಕಳೆದವಳು. ಗಂಡ ಇಲ್ಲ. ಒಬ್ಬನೇ ಮಗ ತಿರುಪತಿ, ಇಪ್ಪತ್ತೆರಡರ ಹುಡುಗ, ಬೇರೆಯವರ ಟ್ರ್ಯಾಕ್ಟರ್ ಓಡಿಸುತ್ತಿದ್ದ. ತಾಯಿಯ ಬೆನ್ನು ಹತ್ತಿ ಅವನೂ ಬರತೊಡಗಿದ. ನದಿಯಲ್ಲಿ ಮುಳುಗಿ ಏಳುವ ದೀಕ್ಷಾಸ್ನಾನ ತನಗೂ ಬೇಕು ಎಂದ. ದೀಕ್ಷೆಗೆ ಮುಂಚಿನ ಪಾಠ ಹೇಳುವವನು ಬಾಲರಾಜನೇ. ತಿರುಪತಿ ಪಾಠವನ್ನೆಲ್ಲ ಕೇಳಿದ, ಆದರೆ ಗುಟ್ಕಾ ಬಿಟ್ಟಿರಲಿಲ್ಲ. ಬಾಯಿ ಕೆಂಪಗಿದ್ದವನನ್ನು ನೀರಿಗಿಳಿಸುವ ಹಾಗಿಲ್ಲ ಎಂಬುದು ಕಟ್ಟು. ಗುಟ್ಕಾ ಬಿಟ್ಟು ಬಾ, ಮುಂದಿನ ಸಲ ನೋಡೋಣ ಎಂದು ಬಾಲರಾಜ ದೀಕ್ಷೆಯ ಪಟ್ಟಿಯಿಂದ ಅವನ ಹೆಸರು ತೆಗೆದ. ಹುಡುಗ ನಕ್ಕು, ಒಂದು ತಿಂಗಳಲ್ಲಿ ಬಿಟ್ಟು ತೋರಿಸುತ್ತೇನೆ ಎಂದು ಹೇಳಿ ಹೋಗಿದ್ದ. ಹದಿನೆಂಟನೆಯ ದಿನ ಭತ್ತದ ಹುಲ್ಲು ಹೇರಿದ ಟ್ರೇಲರಿನ ಜೊತೆ ಟ್ರ್ಯಾಕ್ಟರ್ ಬದುವಿನಿಂದ ಕೆಳಗೆ ಮಗುಚಿತು. ತಿರುಪತಿ ಅಲ್ಲೇ ಸತ್ತ.

ದೀಕ್ಷೆಯಾಗದವನಿಗೆ ಸಭೆಯ ಸ್ಮಶಾನದಲ್ಲಿ ಜಾಗವಿರಲಿಲ್ಲ. ಹಣಮಂತಮ್ಮ ಮಗನನ್ನು ತನ್ನ ಅರ್ಧ ಎಕರೆ ಹೊಲದ ಅಂಚಿನಲ್ಲಿ ಹೂಳಿಸಿದಳು. ಎರಡು ವಾರ ಬಿಟ್ಟು ಸಭೆಗೆ ಬಂದಳು. ಅಲ್ಲಿ ಹೆಂಗಸರು ಎದ್ದು ಮಾತಾಡುವ ವಾಡಿಕೆ ಇಲ್ಲ. ಅವಳು ಬೋಧನೆಯ ನಡುವೆ, ತಲೆಯ ಮೇಲಿನ ಸೆರಗು ಹಿಡಿದುಕೊಂಡು ಎದ್ದು ನಿಂತಳು.

"ಅಯ್ಯಾರ, ನನ್ನ ಮಗ ಈಗ ಎಲ್ಲಿ ಅದಾನ್ರಿ?"

ಬಾಲರಾಜ ಅದನ್ನು ತೆಲುಗಿಗೆ ತಿರುಗಿಸಿದ. ಅಯ್ಯಗಾರು ಸ್ವಲ್ಪ ಹೊತ್ತು ಕಣ್ಣು ಮುಚ್ಚಿದರು. ಅವರ ದನಿಯಲ್ಲಿ ಕಠಿಣತೆ ಇರಲಿಲ್ಲ. ದೀಕ್ಷೆಯಾಗದವರು ಹೊರಗಿನವರು, ಹೊರಗೆ ಇರುವುದು ಬೆಂಕಿ, ಇದು ನಾನು ಮಾಡಿದ ಕಾಯಿದೆ ಅಲ್ಲ ಎಂದರು. ಬಾಲರಾಜ ಮೈಕು ಎತ್ತಿದ. ಹಣಮಂತಮ್ಮ ಅಯ್ಯಗಾರನ್ನು ನೋಡುತ್ತಿರಲಿಲ್ಲ. ಅವನ ಬಾಯನ್ನೇ ನೋಡುತ್ತಿದ್ದಳು.

"ದೀಕ್ಷಾಸ್ನಾನ ಆಗಲಾರದವರು ಹೊರಗ ಉಳೀತಾರ ಯವ್ವ. ಹೊರಗ ಬೆಂಕಿ ಅದ. ನಿನ್ನ ಮಗ ಅಲ್ಲಿ ಅದಾನ."

ಅವಳು ಕೂತಳು. ಬೋಧನೆ ಮುಂದುವರಿಯಿತು. ಬಾಲರಾಜನ ಬಾಯಿ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಲೇ ಇತ್ತು. ಹತ್ತು ನಿಮಿಷ ಕಳೆದ ಮೇಲೆ ಅವನಿಗೆ ತಿಳಿಯಿತು: ಕೊನೆಯ ಮಾತು ಅಯ್ಯಗಾರು ಹೇಳಿದ್ದಲ್ಲ. ನಿನ್ನ ಮಗ ಅಲ್ಲಿದ್ದಾನೆ ಎಂದು ಅವರು ಅಂದಿರಲಿಲ್ಲ. ಬಿಡಿಸಿ ಹೇಳುವ ರೂಢಿಯಲ್ಲಿ ಅವನೇ ಸೇರಿಸಿದ್ದ. ಅರ್ಥ ತಪ್ಪಿರಲಿಲ್ಲ, ಹಾಗಾಗಿ ಯಾರೂ ಕೇಳಲಿಲ್ಲ. ಆದರೆ ಆ ಹೆಂಗಸಿಗೆ ಆ ಮಾತು ಹೇಳಿದವನು ಈ ಲೋಕದಲ್ಲಿ ತಾನೊಬ್ಬನೇ.

ಅಂದಿನಿಂದ ಹಣಮಂತಮ್ಮ ಸಭೆಗೆ ಬರಲಿಲ್ಲ. ಬಾಲರಾಜನಿಗೆ ಊಟ ರುಚಿಸಲಿಲ್ಲ. ದವಾಖಾನೆಯಲ್ಲಿ ಮೊದಲ ಸಲ ಒಂದು ಆಕಳಿಗೆಂದು ಸಿರಿಂಜಿನಲ್ಲಿ ತಪ್ಪು ಔಷಧಿ ತುಂಬಿ, ಕೊನೆಯ ಗಳಿಗೆಯಲ್ಲಿ ನೋಡಿಕೊಂಡ. ಗುಟ್ಕಾ ತಿನ್ನುತ್ತಾನೆಂದು ಹೆಸರು ತೆಗೆದ ಕೈಯೂ ತನ್ನದೇ. ಆವತ್ತು ಹೋಗಲಿ ಬಿಡು ಅಂದಿದ್ದರೆ ಹುಡುಗ ಈಗ ಸ್ವರ್ಗದಲ್ಲಿರುತ್ತಿದ್ದನೇ? ಒಂದು ಪುಡಿಕೆ ಗುಟ್ಕಾ, ಒಬ್ಬ ಕಂಪೌಂಡರನ ಹಟ, ಇಷ್ಟರ ಮೇಲೆ ದೇವರು ಒಬ್ಬನ ಕೊನೆಯಿಲ್ಲದ ಕಾಲವನ್ನು ತೀರ್ಮಾನ ಮಾಡುತ್ತಾನೆಯೇ? ತಾಯಿ ಸತ್ತಾಗ ಬಾರದ ಪ್ರಶ್ನೆ ಈಗ ಬಂತು. ಬಂದ ಮೇಲೆ ತಾಯಿಯನ್ನೂ ಕರೆದುಕೊಂಡೇ ಬಂತು. ಇದೇ ಕಟ್ಟಿನ ಪ್ರಕಾರ ಭೀಮಮ್ಮನೂ ಅಲ್ಲೇ ಇರಬೇಕು. ಅದನ್ನು ಅವನು ನೂರು ಸಲ ಮೈಕಿನಲ್ಲಿ ಹೇಳಿದ್ದ, ಒಂದು ಸಲವೂ ಕೇಳಿಸಿಕೊಂಡಿರಲಿಲ್ಲ.

ಮುಂದಿನ ಭಾನುವಾರಗಳಲ್ಲಿ ಅವನು ಮಾತು ಬದಲಿಸತೊಡಗಿದ. ಬಾಗಿಲು ಮುಚ್ಚಿದೆ ಎಂದು ಅಯ್ಯಗಾರು ಹೇಳಿದರೆ, ಬಾಗಿಲು ತೆರೆದೇ ಇದೆ ಎಂದ. ದೇವರ ಸಿಟ್ಟು ಎಂದಲ್ಲಿ ದೇವರ ಸಂಕಟ ಎಂದ. ಮೂರು ವಾರ ಹೀಗೆ ನಡೆಯಿತು. ಸಭೆಯ ಹಿರಿಯ ಅಮಾತೆಪ್ಪ ಹಿಂದೆ ಹೈದರಾಬಾದಿನಲ್ಲಿ ಗಾರೆ ಕೆಲಸ ಮಾಡಿ ತೆಲುಗು ಕಲಿತವನು. ಅವನು ಹೋಗಿ ಅಯ್ಯಗಾರಿಗೆ ಹೇಳಿದ. ಕರುಣೆಯ ಕಡೆ ಮಾಡಿದ ತಪ್ಪು ಸಿಕ್ಕಿಬಿತ್ತು, ಹಣಮಂತಮ್ಮನ ಎದುರು ಮಾಡಿದ್ದು ಯಾರ ಕಣ್ಣಿಗೂ ಬೀಳಲಿಲ್ಲ.

ಹಿರಿಯರ ಕೂಟದಲ್ಲಿ ಬಾಲರಾಜ ತಪ್ಪು ಒಪ್ಪಿಕೊಂಡ, ಜೊತೆಗೆ ಒಂದು ಪ್ರಶ್ನೆ ಕೇಳಿದ. ಯೇಸುವಿನ ಪಕ್ಕದಲ್ಲಿ ಶಿಲುಬೆಗೇರಿಸಿದ ಕಳ್ಳನಿಗೆ ಯಾವ ನದಿಯಲ್ಲೂ ಸ್ನಾನವಾಗಿರಲಿಲ್ಲ, ಅವನಿಗೆ ಹೇಗೆ ಬಾಗಿಲು ತೆರೆಯಿತು? ಅಯ್ಯಗಾರು ಕೂಡಲೇ ಉತ್ತರ ಕೊಟ್ಟರು: ಅದು ಸಭೆ ಹುಟ್ಟುವ ಮುಂಚಿನ ಮಾತು. ಈ ಉತ್ತರವನ್ನು ಬಾಲರಾಜ ಹಿಂದೆ ಎರಡು ಸಲ ತಾನೇ ಕನ್ನಡಕ್ಕೆ ತಂದಿದ್ದ. ಆಗ ಸರಿ ಕಂಡಿತ್ತು. ಮೈಕಿನ ಮುಂದೆ ನಿಂತು ಎಲ್ಲರೆದುರು ಕ್ಷಮೆ ಕೇಳುವವರೆಗೆ ಸಭೆಯಿಂದ ಹೊರಗೆ ಎಂದು ಅವರು ಅಪ್ಪಣೆ ಮಾಡಿದರು. ಅವನು ಕ್ಷಮೆ ಕೇಳಲು ಹೋಗಲಿಲ್ಲ. ಹೋಗಬೇಕೆಂದು ಎರಡು ಸಲ ಬಿಳಿ ಅಂಗಿ ತೊಟ್ಟು, ಶೆಡ್ಡಿನ ತಿರುವಿನವರೆಗೆ ನಡೆದು, ಹಾಡು ಕೇಳಿಸಿದ ಕೂಡಲೇ ತಿರುಗಿ ಬಂದ.

ಹೊರಗಿಟ್ಟವನ ಜೊತೆ ಕೂತು ಉಣ್ಣಬಾರದು ಎಂಬುದೂ ಕಟ್ಟೇ. ರೇವತಿ ಅವನಿಗೆ ರೊಟ್ಟಿ ಪಲ್ಯ ಬಡಿಸಿ ಅಡುಗೆಮನೆಗೆ ಹೋಗಿ ಮಗಳ ಜೊತೆ ಉಣ್ಣುತ್ತಿದ್ದಳು. ನಡುವೆ ಒಂದು ಗೋಡೆ, ಅದರ ಬಾಗಿಲಿಗೆ ಕದವೂ ಇಲ್ಲ. ಬಳೆಯ ಸದ್ದಿಲ್ಲದ ಕೈಗಳು ರೊಟ್ಟಿ ಮುರಿಯುವುದು ಅವನಿಗೆ ಕೇಳಿಸುತ್ತಿತ್ತು. ಒಂದು ದಿನ ಅವನು, ಇಷ್ಟು ವರ್ಷ ನಾನು ಹೇಳಿದ್ದರಲ್ಲಿ ಎಷ್ಟೋ ಸುಳ್ಳಿತ್ತು, ನೀನು ಅಂಜಬೇಡ ಎಂದು ಅವಳಿಗೆ ಹೇಳಿದ. ರೇವತಿ ತಾಟು ತೊಳೆಯುವುದನ್ನು ನಿಲ್ಲಿಸಿದಳು.

"ಅಯ್ಯಗಾರ ತೆಲುಗು ನನಗೆಲ್ಲಿ ತಿಳೀತಿತ್ತು? ನಾ ನಂಬಿದ್ದು ನಿಮ್ಮ ಮಾತು ನೋಡ್ರಿ. ಅದ ಸುಳ್ಳಾದ್ರ, ಈಗ ಹೇಳಾಕತ್ತಿದ್ದು ಖರೇ ಅಂತ ಹೆಂಗ ನಂಬ್ಲಿ?"

ಅವಳು ಜಗಳಕ್ಕೆ ಕೇಳಿದ್ದಲ್ಲ, ನಿಜಕ್ಕೂ ತಿಳಿಯದೆ ಕೇಳಿದ್ದು.

ಮನೆಯಲ್ಲಿ ಎರಡು ಗ್ರಂಥಗಳಿದ್ದವು, ತೆಲುಗಿನದೊಂದು, ಕನ್ನಡದ್ದೊಂದು. ಯಾರಿಗೂ ಹೇಳುವ ಕೆಲಸವಿಲ್ಲದೆ, ತನಗಾಗಿಯೇ ಅವನು ಮೊದಲ ಸಲ ಓದಲು ಕೂತ. ದವಾಖಾನೆಗೆ ಹೋಗುವ ಮುಂಚೆ ಒಂದು ತಾಸು. ಕಳೆದುಹೋದ ಕುರಿಯನ್ನು ಹುಡುಕುತ್ತ ಹೋದವನ ಕತೆ ಇತ್ತು. ಕುರಿಯ ಕೊರಳಲ್ಲಿ ಗುರುತಿತ್ತೇ ಎಂದು ಆ ಕುರುಬ ನೋಡಿರಲಿಲ್ಲ. ಓದಿ ಎದೆ ಹಗುರಾಯಿತು. ಹಾಳೆ ತಿರುಗಿಸಿದರೆ ಬೆಂಕಿಯ ಮಾತೂ ಅಲ್ಲೇ ಇತ್ತು. ಅದನ್ನು ಅಯ್ಯಗಾರು ಹುಟ್ಟಿಸಿದ್ದಲ್ಲ. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಬಿಡುವ ಹಕ್ಕು ತನಗೆ ಯಾರು ಕೊಟ್ಟರು? ಬೇಕಾದಂತೆ ಮಾತು ಬದಲಿಸಿದವನೆಂದು ತನ್ನನ್ನು ಹೊರಗಿಟ್ಟಿದ್ದರು. ಈಗ ಮತ್ತೆ ಅದನ್ನೇ ಮಾಡುತ್ತಿದ್ದೇನೆಯೇ ಎಂದು ಅವನಿಗೆ ದಿಗಿಲಾಗುತ್ತಿತ್ತು.

ಪಕ್ಕದ ಓಣಿಯಲ್ಲಿ ಬುದ್ಧಪ್ರಿಯ ಎಂಬ ಶಾಲೆ ಮಾಸ್ತರ ಇದ್ದ. ಅವನ ತಂದೆಯ ಕಾಲದಲ್ಲೇ ಮನೆಯವರು ಬೌದ್ಧರಾಗಿದ್ದರು. ಆಡಿಗೆ ಔಷಧಿ ಕೇಳಲು ಬಂದಾಗ ಬಾಲರಾಜ ಅವನಿಗೆ ಎಲ್ಲವನ್ನೂ ಹೇಳಿದ. ಮಾಸ್ತರ ತಾಳ್ಮೆಯಿಂದ ಕೇಳಿ, ಬೆಂಕಿ ಹಚ್ಚುವ ದೇವರೇ ಇಲ್ಲವೆಂದ ಮೇಲೆ ಬೆಂಕಿ ಎಲ್ಲಿಂದ ಬಂತು, ದುಃಖ ಮನುಷ್ಯರದ್ದು, ಅದನ್ನು ಕಡಿಮೆ ಮಾಡುವುದೂ ಮನುಷ್ಯರ ಕೆಲಸವೇ ಎಂದ. ಎರಡು ದಿನ ಬಾಲರಾಜನಿಗೆ ಆರಾಮೆನಿಸಿತು. ಮೂರನೆಯ ದಿನ ಬೆಳಿಗ್ಗೆ ಮುಖ ತೊಳೆಯುವಾಗ ನೋಡಿದರೆ ಬಾಯಿ ಪ್ರಾರ್ಥನೆ ಮಾಡುತ್ತಿತ್ತು. ಕುಡಿತ ಬಿಡಿಸಿದ್ದು ಯಾರು, ದೇವಿಕಾಳನ್ನು ಕೊಟ್ಟಿದ್ದು ಯಾರು? ಯಾರೂ ಇಲ್ಲ ಎನ್ನಲು ಮನಸ್ಸು ಒಪ್ಪಲಿಲ್ಲ. ಇದ್ದಾನೆ ಎಂದರೆ ತಿರುಪತಿಯ ಲೆಕ್ಕ ಅವನೇ ಹೇಳಬೇಕಲ್ಲ ಎಂಬ ಸಿಟ್ಟು ಬಂತು.

ದೇವಾಪುರಕ್ಕೆ ಹೋಗುವ ಧೈರ್ಯ ಬರಲು ಎಂಟು ತಿಂಗಳು ಬೇಕಾಯಿತು. ಒಂದು ಭಾನುವಾರ ಬೆಳಿಗ್ಗೆ ಸುರಪುರದ ಬಸ್ಸು ಹತ್ತಿದ. ಹಣಮಂತಮ್ಮ ಮನೆಯಲ್ಲಿರಲಿಲ್ಲ, ಹೊಲದಲ್ಲಿದ್ದಾಳೆ ಎಂದು ನೆರೆಯವರು ಹೇಳಿದರು. ಹೋಗಿ ನೋಡಿದರೆ ಅವಳು ಬೋರಿಂಗಿನಿಂದ ಕೊಡ ತುಂಬಿ, ಮೊಣಕಾಲು ನೋವಿಗೆ ನಾಲ್ಕು ಹೆಜ್ಜೆಗೊಮ್ಮೆ ಕೆಳಗಿಡುತ್ತ ಬರುತ್ತಿದ್ದಳು. ಮಗನ ಗೋರಿಯ ಮೇಲೆ, ತಲೆಯ ಕಡೆಯಿಂದ ಕಾಲಿನ ಕಡೆಗೆ, ನಿಧಾನವಾಗಿ ನೀರು ಸುರಿದಳು. ಹೂವಿನ ಗಿಡವೇನೂ ಅಲ್ಲಿರಲಿಲ್ಲ, ಬರೀ ಮಣ್ಣು. ಯಾಕೆ ಎಂದು ಕೇಳಿದ್ದಕ್ಕೆ, ದಿನಾ ಎರಡು ಕೊಡ ಹಾಕುತ್ತೇನೆ, ಕೆಳಗೆ ಸ್ವಲ್ಪವಾದರೂ ತಂಪಾಗಲಿ ಎಂದಳು.

ಬಾಲರಾಜ ಒದ್ದೆ ಮಣ್ಣಿನ ಪಕ್ಕದಲ್ಲಿ ಕುಳಿತುಬಿಟ್ಟ. ನಿನ್ನ ಮಗ ಅಲ್ಲಿದ್ದಾನೆ ಎಂಬ ಮಾತು ಅಯ್ಯಗಾರದ್ದಲ್ಲ, ತನ್ನದು ಎಂದ. ಗುಟ್ಕಾ ನೆಪಕ್ಕೆ ಹೆಸರು ತೆಗೆದವನೂ ತಾನೇ ಎಂದ. ಅವಳು ಕೊಡವನ್ನು ಬೋರಲು ಹಾಕಿ ಅದರ ಮೇಲೆ ಕೈಯೂರಿ ಕೂತಳು. ಬೈಯಲಿಲ್ಲ.

"ಹಂಗಂದ್ರ ಅಂವ ಬೆಂಕಿಯಾಗ ಇಲ್ಲೇನಪ್ಪಾ?"

ಇಲ್ಲ ಎಂದುಬಿಡಬಹುದಿತ್ತು. ಆ ಒಂದು ಮಾತಿಗಾಗಿಯೇ ಅವನು ಬಸ್ಸು ಹತ್ತಿ ಬಂದಿದ್ದ. ಆದರೆ ತನಗೆ ಗೊತ್ತಿಲ್ಲದ್ದನ್ನು ಗೊತ್ತಿರುವಂತೆ ಈ ಹೆಂಗಸಿಗೆ ಇನ್ನೊಂದು ಸಲ ಹೇಳಲು ಅವನಿಗೆ ಬಾಯಿ ಬರಲಿಲ್ಲ.

"ನನಗ ಗೊತ್ತಿಲ್ಲ ಯವ್ವ. ಇಲ್ಲಂತ ಅನಿಸ್ತದ. ಖರೇನ ಗೊತ್ತಿಲ್ಲ."

ಹಣಮಂತಮ್ಮ ಕೊಡವನ್ನು ನೆಟ್ಟಗೆ ಮಾಡಿಕೊಂಡಳು. "ಗೊತ್ತಿಲ್ಲಂದ್ರ, ನೀರು ಹಾಕೋದು ಹೆಂಗ ಬಿಡ್ಲಿ?" ಎಂದು ಎದ್ದಳು. ಎರಡನೆಯ ಕೊಡವನ್ನು ಬಾಲರಾಜ ತಂದ. ಅವಳು ಬೇಡ ಎನ್ನಲಿಲ್ಲ.

ಈಗ ಅವನು ತಿಂಗಳಿಗೆ ಎರಡು ಭಾನುವಾರ ದೇವಾಪುರಕ್ಕೆ ಹೋಗುತ್ತಾನೆ. ನೀರು ಹೊರುತ್ತಾನೆ, ಬೆಂಕಿಯನ್ನು ನಂಬಿ ಅಲ್ಲ. ಅವಳು ನಂಬಿದ್ದಾಳೆ, ನಂಬಿಸಿದವನು ತಾನು, ಆ ಭಾರದಲ್ಲಿ ಒಂದು ಕೊಡವಾದರೂ ತನ್ನ ಪಾಲಿಗಿರಲಿ ಎಂದು. ಬಸ್ಸಿನಲ್ಲಿ ಕೆಲವೊಮ್ಮೆ ಪ್ರಾರ್ಥನೆ ಶುರುಮಾಡುತ್ತಾನೆ. ಮೊದಲ ಮಾತು ಬರುತ್ತದೆ, ಮುಂದಿನದು ಬರುವುದಿಲ್ಲ. ಹಾಗೆಯೇ ಕಿಟಕಿಯ ಹೊರಗಿನ ಗದ್ದೆ ನೋಡುತ್ತ ಕೂರುತ್ತಾನೆ.

ದೇವಿಕಾಗೆ ಈಗ ಹದಿಮೂರು. ಈ ಸುಗ್ಗಿ ಮುಗಿದ ಮೇಲೆ ಅವಳನ್ನು ಕೃಷ್ಣೆಯಲ್ಲಿ ದೀಕ್ಷೆಗೆ ಇಳಿಸುವುದೆಂದು ರೇವತಿ ಹೆಸರು ಬರೆಸಿ ಬಂದಿದ್ದಾಳೆ. ಬಾಲರಾಜ ತಡೆಯಲಿಲ್ಲ. ಮಗಳು ಶಾಲೆಗೆ ಹೊರಟಾಗ ಅವಳ ಸೈಕಲ್ಲಿಗೆ ಗಾಳಿ ಹೊಡೆಯುತ್ತ, ಅಂಜಿಕೊಂಡು ನೀರಿಗಿಳಿಯಬೇಡ, ನಿನಗೇ ಬೇಕೆನಿಸಿದರೆ ಇಳಿ ಎಂದಷ್ಟೇ ಹೇಳಿದ. ಹುಡುಗಿ ಚೀಲ ಹೆಗಲಿಗೇರಿಸಿಕೊಂಡು, ಅಂಜಿಕೆ ಯಾವುದು, ಬೇಕೆನಿಸುವುದು ಯಾವುದು, ಅದನ್ನು ಹೇಗೆ ತಿಳಿಯುವುದು ಎಂದು ಕೇಳಿದಳು. ಹಿಂದಾಗಿದ್ದರೆ ಅವನು ಅವಳಿಗೆ ಬಿಡಿಸಿ ಹೇಳುತ್ತಿದ್ದ. ಈಗ ಪಂಪು ಕೆಳಗಿಟ್ಟು, ತನಗೂ ಅದು ಇನ್ನೂ ತಿಳಿದಿಲ್ಲ ಎಂದ. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಒಂದು ಗಳಿಗೆ ನಿಂತು, ಮತ್ತೆ ಶುರುವಾಯಿತು.